ಗುಜರಿಗೂ ಗಾಜಿನ ಕಪಾಟಿಗೂ ನಡುವೆ

ಹಳೆಯ ಮಡಚುವ ಚಾಕುಗಳನ್ನು ಸಂಗ್ರಹಿಸುವವರ ಲೋಕದಲ್ಲಿ ಒಂದು ನಿಯಮವಿದೆ. ಚಾಕು ಎಷ್ಟು ಕಡಿಮೆ ಕೆಲಸ ಮಾಡಿರುತ್ತದೋ ಅದಕ್ಕೆ ಅಷ್ಟು ಹೆಚ್ಚು ಬೆಲೆ. ಅಲಗನ್ನು ಹತ್ತು ಸಲ ಮಸೆದಿದ್ದರೆ ಬೆಲೆ ಇಳಿಯಿತು. ತುದಿ ಮುರಿದಿದ್ದರೆ ಇನ್ನೂ ಇಳಿಯಿತು. ಕೊಂಡ ದಿನ ಹೇಗಿತ್ತೋ ಹಾಗೇ ಡಬ್ಬಿಯೊಳಗೆ ಮಲಗಿ ನೂರು ವರ್ಷ ಕಳೆದಿದ್ದರೆ ಅದು ಬಂಗಾರ. ಅಂದರೆ ಹಣ್ಣು ಹೆಚ್ಚದ, ಹಗ್ಗ ಕೊಯ್ಯದ, ಡಬ್ಬಿ ತೆರೆಯದ ಚಾಕುವೇ ಎಲ್ಲಕ್ಕಿಂತ ಒಳ್ಳೆಯ ಚಾಕು.

ಮಲೆನಾಡಿನ ಅಡಿಕೆ ತೋಟದ ಮನೆಯಿಂದ ಬಂದ ನನಗೆ ಇದು ಮೊದಮೊದಲು ತಮಾಷೆಯಾಗಿ ಕಂಡಿತ್ತು. ನಮ್ಮಲ್ಲಿ ಆಯುಧಗಳಿಗೆ ವರ್ಷಕ್ಕೆ ಒಂದೇ ದಿನ ರಜೆ. ನವರಾತ್ರಿಯ ಆಯುಧಪೂಜೆಯ ದಿನ ಕತ್ತಿ, ಕೊಡಲಿ, ಹಾರೆ, ಗುದ್ದಲಿ, ಮೆಟ್ಟುಗತ್ತಿ, ಈಳಿಗೆಮಣೆ ಎಲ್ಲವನ್ನೂ ತೊಳೆದು, ಸಾಲಾಗಿ ಇಟ್ಟು, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂ ಏರಿಸುತ್ತಾರೆ. ಅವತ್ತು ಯಾರೂ ಅವನ್ನು ಮುಟ್ಟುವಂತಿಲ್ಲ. ಅದಾದ ಮೇಲೆ ಮತ್ತೆ ತೋಟಕ್ಕೆ. ಪೂಜೆ ಸಲ್ಲುವುದೇ ಉಳಿದ ದಿನ ದುಡಿದದ್ದಕ್ಕೆ.

ನಾನೀಗ ಇರುವುದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಕಾಂಕ್ರೀಟಿನೊಳಗಿರುವ ಕಬ್ಬಿಣ ಹೇಗೆ ತುಕ್ಕು ಹಿಡಿಯುತ್ತದೆ ಎನ್ನುವುದು ನನ್ನ ಪಿಎಚ್.ಡಿ. ವಿಷಯ. ಊರಿನ ಸರೋವರದ ದಂಡೆಯಲ್ಲಿ ಬ್ಯೂರ್ಕ್ಲಿಪ್ಲಾಟ್ಸ್ ಎಂಬ ಜಾಗವಿದೆ. ಅಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಶನಿವಾರಗಳಂದು ಹಳೇ ಸಾಮಾನಿನ ಸಂತೆ ಸೇರುತ್ತದೆ. ಪಿಂಗಾಣಿ ಬಟ್ಟಲು, ನಿಂತ ಗಡಿಯಾರ, ಯಾರದೋ ಮದುವೆಯ ಫೋಟೊ, ಹಸುವಿನ ಕೊರಳ ಗಂಟೆ. ನಡುವೆ ಒಂದು ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಚಾಕುಗಳನ್ನು ಜೋಡಿಸಿಟ್ಟಿರುತ್ತಾರೆ. ಕೊಳ್ಳಲು ಬಂದವರು ಅವನ್ನು ಪರೀಕ್ಷಿಸುವ ಬಗೆ ನೋಡಬೇಕು. ಅಲಗಿನ ಬೆನ್ನಿನ ಹತ್ತಿರ ಉಗುರು ಸಿಕ್ಕಿಸಲು ಒಂದು ಕಚ್ಚು ಇರುತ್ತದೆ. ಅಲ್ಲಿ ಹೆಬ್ಬೆರಳ ಉಗುರಿಟ್ಟು ನಿಧಾನವಾಗಿ ಬಿಡಿಸುತ್ತಾರೆ. ಮುಚ್ಚುವಾಗ ಕಿವಿಯ ಹತ್ತಿರ ಹಿಡಿಯುತ್ತಾರೆ. ಒಳಗಿನ ಸ್ಪ್ರಿಂಗ್ ಗಟ್ಟಿಯಾಗಿದ್ದರೆ 'ಟಕ್' ಎಂದು ಬಿಗಿಯಾದ ಶಬ್ದ. ಸೋತಿದ್ದರೆ ಶಬ್ದವೂ ಸೋತಿರುತ್ತದೆ. ಆಮೇಲೆ ಭೂತಗನ್ನಡಿ ಹಿಡಿದು ಅಲಗಿನ ಬುಡದಲ್ಲಿ ತಯಾರಕರ ಮುದ್ರೆ ಹುಡುಕುತ್ತಾರೆ. ಮುದ್ರೆ ಇಲ್ಲದ ಚಾಕುವನ್ನು ಹೆಚ್ಚಿನವರು ಹಾಗೇ ಕೆಳಗಿಡುತ್ತಾರೆ.

ಅನೇಕ ಉಪಕರಣಗಳನ್ನು ಒಂದೇ ಹಿಡಿಯೊಳಗೆ ಮಡಚುವ ಯೋಚನೆ ಸ್ವಿಸ್ಸರದ್ದಲ್ಲ. ಕೇಂಬ್ರಿಡ್ಜಿನ ಫಿಟ್ಜ್‌ವಿಲಿಯಂ ಮ್ಯೂಸಿಯಮ್ಮಿನಲ್ಲಿ ಕ್ರಿ.ಶ. ಮೂರನೇ ಶತಮಾನದ್ದೆಂದು ಗುರುತಿಸಲಾದ ರೋಮನ್ನರ ಬೆಳ್ಳಿಯ ಸಾಧನವೊಂದಿದೆ. ಅದರಲ್ಲಿ ಚಮಚ, ಮುಳ್ಳುಚಮಚ, ಚೂಪು ಕಡ್ಡಿ ಎಲ್ಲವೂ ಮಡಚಿಕೊಳ್ಳುತ್ತವೆ. ಕಬ್ಬಿಣದ ಅಲಗನ್ನು ಮಾತ್ರ ತುಕ್ಕು ತಿಂದಿದೆ. ಇಂಗ್ಲೆಂಡಿನ ಶೆಫೀಲ್ಡಿನವರು ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಒಂದು ಪಂದ್ಯವಾಗಿಯೇ ತೆಗೆದುಕೊಂಡರು. 1851ರ ಲಂಡನ್ ಮಹಾಪ್ರದರ್ಶನಕ್ಕೆಂದು ಜೋಸೆಫ್ ರಾಡ್ಜರ್ಸ್ ಕಂಪನಿ ಮಾಡಿದ ನಾರ್ಫೋಕ್ ಚಾಕುವಿನಲ್ಲಿ 75 ಅಲಗು ಮತ್ತು ಉಪಕರಣಗಳಿದ್ದವು. ಅದನ್ನು ಯಾರ ಜೇಬಿಗೂ ಹಾಕುವಂತಿರಲಿಲ್ಲ. ನೋಡಲಿಕ್ಕೆಂದೇ ಹುಟ್ಟಿದ ಚಾಕು ಅದು.

ಸ್ವಿಸ್ ಚಾಕುವಿನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅದು ಹುಟ್ಟಿದ್ದು ಒಂದು ಬಂದೂಕಿನ ದೆಸೆಯಿಂದ. 1889ರಲ್ಲಿ ಸ್ವಿಸ್ ಸೈನ್ಯ ಹೊಸ ರೈಫಲ್ ತಂದಿತು. ಅದನ್ನು ಬಿಚ್ಚಿ ಜೋಡಿಸಲು ಸ್ಕ್ರೂಡ್ರೈವರ್ ಬೇಕು. ಸೈನಿಕರ ಊಟ ಡಬ್ಬಿಯಲ್ಲಿ ಬರತೊಡಗಿತ್ತು, ಡಬ್ಬಿ ತೆರೆಯಲು ಇನ್ನೊಂದು ಸಾಧನ ಬೇಕು. ತೊಗಲಿಗೆ ತೂತು ಹಾಕಲು ದಬ್ಬಳದಂಥದ್ದು ಬೇಕು. ಬ್ರೆಡ್ಡು ಕೊಯ್ಯಲು ಅಲಗಂತೂ ಬೇಕೇ ಬೇಕು. ಈ ನಾಲ್ಕನ್ನೂ ಒಂದರಲ್ಲಿ ಸೇರಿಸಿದ್ದೇ 1890ರ ಮಾದರಿಯ ಸೈನಿಕ ಚಾಕು. ಎಣ್ಣೆ ಕುಡಿಸಿ ಕಪ್ಪಾಗಿಸಿದ ಓಕ್ ಮರದ ಹಿಡಿ, ತೂಕ 144 ಗ್ರಾಂ. ಸ್ವಾರಸ್ಯವೆಂದರೆ, ಸ್ವಿಸ್ ಸೈನ್ಯದ ಮೊದಲ ಚಾಕುಗಳು ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗಲಿಲ್ಲ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಮಾಡಿಕೊಡುವ ಕಾರ್ಖಾನೆ ಇಲ್ಲಿರಲಿಲ್ಲ. ಜರ್ಮನಿಯ ಜೋಲಿಂಗೆನ್ನಿನಿಂದ ತರಿಸಿದರು.

ಶ್ವೀಟ್ಸ್ ಪ್ರಾಂತ್ಯದ ಈಬಾಖ್ ಎಂಬ ಹಳ್ಳಿಯಲ್ಲಿ 1884ರಿಂದ ಚಾಕು ಮಾಡುತ್ತಿದ್ದ ಕಾರ್ಲ್ ಎಲ್ಸೆನರ್ ಎಂಬಾತನಿಗೆ ಇದು ಸರಿಬರಲಿಲ್ಲ. ನಮ್ಮ ಸೈನ್ಯದ ಚಾಕುವನ್ನು ನಾವೇ ಮಾಡಬೇಕೆಂದು ಹೊರಟ. 1891ರಲ್ಲಿ ಮಾಡಿಯೂ ಕೊಟ್ಟ. ಆದರೆ ಜರ್ಮನಿಯ ದೊಡ್ಡ ಕಾರ್ಖಾನೆಗಳ ದರಕ್ಕೆ ಮಾಡಲಾಗದೆ ಸಾಲದಲ್ಲಿ ಮುಳುಗಿದ. ಅವನನ್ನು ಮೇಲೆತ್ತಿದ್ದು ಮತ್ತೊಂದು ಚಾಕು. ಹಗುರವಾದ, ಎರಡು ಅಲಗಿನ, ಬಿರಡೆ ತೆಗೆಯುವ ತಿರುಪು ಕಂಬಿಯೂ ಇದ್ದ ಅದನ್ನು 1897ರಲ್ಲಿ ನೋಂದಾಯಿಸಿ, ಅಧಿಕಾರಿಗಳ ಚಾಕು ಎಂದು ಹೆಸರಿಟ್ಟ. ಸೈನ್ಯ ಅದನ್ನು ಯಾರಿಗೂ ಕೊಡಲಿಲ್ಲ, ಅಧಿಕಾರಿಗಳು ಸ್ವಂತ ದುಡ್ಡಿನಿಂದ ಕೊಂಡರು. 1909ರಲ್ಲಿ ಅವನ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಆಕೆಯ ಹೆಸರನ್ನು ಕಂಪನಿಗಿಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂದಾಗ ಆ ಹೆಸರಿನ ಬಾಲಕ್ಕೆ 'ಇನಾಕ್ಸ್' ಸೇರಿ ವಿಕ್ಟೋರಿನಾಕ್ಸ್ ಆಯಿತು. ಎರಡನೇ ಮಹಾಯುದ್ಧದ ನಂತರ ಯುರೋಪಿನಲ್ಲಿದ್ದ ಅಮೆರಿಕದ ಸೈನಿಕರಿಗೆ 'ಒಫಿಟ್ಸಿಯರ್ಸ್‌ಮೆಸ್ಸರ್' ಎಂಬ ಜರ್ಮನ್ ಹೆಸರು ನಾಲಿಗೆಗೆ ಹೊರಳಲಿಲ್ಲ, ಸ್ವಿಸ್ ಆರ್ಮಿ ನೈಫ್ ಎಂದರು. ಜಗತ್ತೂ ಹಾಗೇ ಎಂದಿತು. ಇಲ್ಲಿನ ಜನ ಮಾತ್ರ ಇವತ್ತಿಗೂ ಅದನ್ನು 'ಸಾಕ್‌ಮೆಸ್ಸರ್' ಎನ್ನುತ್ತಾರೆ. ಜೇಬಿನ ಚಾಕು, ಅಷ್ಟೇ.

ಇಷ್ಟೆಲ್ಲ ನಾನು ತಿಳಿದುಕೊಂಡದ್ದು ನಮ್ಮ ಕೆಳಗಿನ ಮನೆಯ ಅಜ್ಜಿಯಿಂದಾಗಿ. ಇಲ್ಲಿನ ಕಟ್ಟಡಗಳಲ್ಲಿ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದು ಬಟ್ಟೆ ಒಗೆಯುವ ಕೋಣೆ. ಯಾರಿಗೆ ಯಾವ ದಿನ ಎಂದು ಗೋಡೆಗೆ ಪಟ್ಟಿ ಅಂಟಿಸಿರುತ್ತಾರೆ. ನನ್ನ ಹಿಂದಿನ ಸರದಿ ಅವರದ್ದು. ಬಟ್ಟೆ ತೆಗೆಯಲು ತಡವಾದಾಗಲೆಲ್ಲ ಮಾತಿಗೆ ನಿಲ್ಲುತ್ತಿದ್ದರು. ತೊಂಬತ್ತರ ಹತ್ತಿರದ ವಯಸ್ಸು. ಮನೆ ಖಾಲಿ ಮಾಡಿ ವೃದ್ಧಾಶ್ರಮಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಮೂರು ಕೋಣೆಯ ಸಾಮಾನು ಒಂದು ಕೋಣೆಗಾಗಬೇಕು. "ತುಕ್ಕಿನ ಬಗ್ಗೆ ಓದುವವನಲ್ಲವೇ ನೀನು? ಒಂದು ಕೆಲಸ ಇದೆ, ಬಾ" ಎಂದು ಕರೆದು ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ ಮುಂದಿಟ್ಟರು. ಒಳಗೆ ಮೂರು ಚಾಕು.

ಮೊದಲನೆಯದು ಅವರ ಮಾವನದು, 1908ರ ಮಾದರಿ. ಎರಡನೆಯದು ಗಂಡನದು, 1951ರ ಮಾದರಿ. ಮೂರನೆಯದು ಮಗನದು, 1961ರ ಮಾದರಿ. ಇಲ್ಲಿ ಗಂಡಸರಿಗೆ ಸೈನ್ಯದ ತರಬೇತಿ ಕಡ್ಡಾಯ, ಚಾಕು ಸಿಗುವುದು ಆಗಲೇ. ಪ್ರಯೋಗಾಲಯದ ತಕ್ಕಡಿ ಬೇಕಾಗಿರಲಿಲ್ಲ, ಅಂಗೈಯಲ್ಲೇ ತೂಕದ ವ್ಯತ್ಯಾಸ ಗೊತ್ತಾಗುತ್ತಿತ್ತು. 1908ರದ್ದು 125 ಗ್ರಾಂ, 1951ರದ್ದು 90, 1961ರ ಅಲ್ಯೂಮಿನಿಯಂ ಹಿಡಿಯದ್ದು 72. ತಲೆಮಾರಿನಿಂದ ತಲೆಮಾರಿಗೆ ಜೇಬು ಹಗುರಾಗುತ್ತ ಬಂದಿತ್ತು. ನಾಲ್ಕನೆಯದು ಡಬ್ಬಿಯಲ್ಲಿರಲಿಲ್ಲ. ಮೊಮ್ಮಗ ಸೈನ್ಯಕ್ಕೆ ಹೋಗಲಿಲ್ಲ. 1996ರಿಂದ ಇಲ್ಲಿ ಸೈನ್ಯದ ಬದಲು ನಾಗರಿಕ ಸೇವೆ ಮಾಡಲು ಅವಕಾಶವಿದೆ. ಅವನು ಆಸ್ಪತ್ರೆಯಲ್ಲಿ ರೋಗಿಗಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ತನ್ನ ಅವಧಿ ಮುಗಿಸಿದ. ಹಾಗಾಗಿ ಅವನಿಗೆ ಚಾಕುವೂ ಇಲ್ಲ.

ಅಜ್ಜಿ ಕೇಳಿದ್ದು ಇಷ್ಟೇ. "ಈ ಹಳೆಯದು ಕಪ್ಪಾಗಿಬಿಟ್ಟಿದೆ. ಉಜ್ಜಿ ಹೊಳೆಯುವ ಹಾಗೆ ಮಾಡಿಕೊಡು. ಮಾರಿದರೆ ನಾಲ್ಕು ಕಾಸು ಬರಬಹುದು."

ನಾನು ಉಜ್ಜಲಿಲ್ಲ. ಏಕೆಂದರೆ ಆ ಕಪ್ಪು ಕೊಳೆಯಲ್ಲ. ತುಕ್ಕಿನಲ್ಲಿ ಎರಡು ಬಗೆಯುಂಟು. ಕೆಂಪು ತುಕ್ಕು ಸಡಿಲು. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಉಬ್ಬುತ್ತದೆ, ಪದರು ಪದರಾಗಿ ಉದುರುತ್ತದೆ, ಉದುರಿದಲ್ಲಿ ಹೊಸ ಕಬ್ಬಿಣ ಗಾಳಿಗೆ ಸಿಕ್ಕಿ ಮತ್ತೆ ತುಕ್ಕು. ಕಾಂಕ್ರೀಟಿನ ಕಂಬಗಳನ್ನು ಒಳಗಿನಿಂದ ಸೀಳುವುದು ಈ ಉಬ್ಬುವಿಕೆಯೇ. ಕಪ್ಪು ಪದರು ಹಾಗಲ್ಲ. ಅದು ತೆಳುವಾಗಿ, ಒತ್ತಾಗಿ ಉಕ್ಕಿಗೆ ಅಂಟಿಕೊಳ್ಳುತ್ತದೆ, ಕೆಂಪು ತುಕ್ಕು ಬರುವುದನ್ನು ಒಂದಿಷ್ಟು ತಡೆಯುತ್ತದೆ ಕೂಡ. ಸೇಬು, ಈರುಳ್ಳಿ ಕೊಯ್ದ ಸಾದಾ ಉಕ್ಕಿನ ಅಲಗು ಮೊದಲು ನೀಲಿಯಾಗಿ, ಕ್ರಮೇಣ ಬೂದಿಗಪ್ಪಾಗಿ ನಿಲ್ಲುತ್ತದೆ. ನಮ್ಮ ಮನೆಯ ಮೆಟ್ಟುಗತ್ತಿಗಳು ಕಪ್ಪಗೆ ಮಿಂಚುತ್ತಿದ್ದದ್ದೂ ಹೀಗೇ, ಅಡಿಕೆಯ ಚೊಗರಿನಿಂದ. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದರೆ ಕಡುಗಪ್ಪು. ಶತಮಾನಗಳ ಕಾಲ ಯುರೋಪಿನವರು ಬರೆಯುತ್ತಿದ್ದ ಶಾಯಿಯೂ ಕಬ್ಬಿಣ ಮತ್ತು ಟ್ಯಾನಿನ್ ಸೇರಿಸಿ ಮಾಡಿದ್ದೇ. ಸಂಗ್ರಾಹಕರು ಈ ಕಪ್ಪನ್ನು 'ಪಟಿನಾ' ಎಂದು ಕರೆದು ಕಾಪಾಡುತ್ತಾರೆ. ಉಜ್ಜಿ ಬೆಳ್ಳಗೆ ಮಾಡಿದ ಚಾಕು ಅವರ ಲೆಕ್ಕದಲ್ಲಿ ಅರ್ಧ ಸತ್ತಂತೆ.

ಗಂಡನ ಚಾಕುವಿಗೆ ಈ ಕಪ್ಪು ಇರಲಿಲ್ಲ. 1951ರ ಮಾದರಿಯಿಂದ ಸೈನಿಕ ಚಾಕುಗಳಿಗೆ ತುಕ್ಕು ಹಿಡಿಯದ ಉಕ್ಕು ಬಂತು. ಕನಿಷ್ಠ ಹತ್ತೂವರೆ ಭಾಗ ಕ್ರೋಮಿಯಂ ಬೆರೆಸಿದರೆ ಉಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ತಾನಾಗಿ ಕಟ್ಟಿಕೊಳ್ಳುತ್ತದೆ. ಗೀರಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ವಿಜ್ಞಾನದ ದೃಷ್ಟಿಯಿಂದ ಅದ್ಭುತ. ಆದರೆ ಆ ಅಲಗನ್ನು ನೋಡಿದರೆ ಅದು ಏನೇನು ಕತ್ತರಿಸಿತ್ತು ಎಂದು ಹೇಳಲು ಬರುವುದಿಲ್ಲ.

ಒಂದು ಶನಿವಾರ ಡಬ್ಬಿ ಹಿಡಿದು ಇಬ್ಬರೂ ಸಂತೆಗೆ ಹೋದೆವು. ಟ್ರಾಮಿನಲ್ಲಿ ಅಜ್ಜಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹಸಿರು ಬಟ್ಟೆಯ ವ್ಯಾಪಾರಿ ಮಾವನ ಚಾಕುವನ್ನು ಕಿವಿಗೆ ಹಿಡಿದು 'ಟಕ್' ಕೇಳಿ, "ಸ್ಪ್ರಿಂಗ್ ಚೆನ್ನಾಗಿದೆ" ಎಂದ. ಅಲಗು ಬಿಡಿಸಿ ನೋಡಿ ತಲೆಯಾಡಿಸಿದ. ಮಸೆದು ಮಸೆದು ಅದು ಕಾಲುಭಾಗ ಸವೆದಿತ್ತು, ಬಾಳೆಮೀನಿನಂತೆ ಸಪೂರವಾಗಿತ್ತು. "ಅಲಗು ಪೂರ್ತಿ ಇದ್ದಿದ್ದರೆ ಇದರ ಐದು ಪಟ್ಟು ಕೊಡುತ್ತಿದ್ದೆ. ಇದನ್ನು ತುಂಬಾ ಬಳಸಿಬಿಟ್ಟಿದ್ದಾರೆ." ಗಂಡನದಕ್ಕೆ ಪರವಾಗಿಲ್ಲ ಎಂಬಂಥ ದರ ಹೇಳಿದ. ಮಗನದ್ದನ್ನು ಬಿಡಿಸಲೂ ಇಲ್ಲ. 1961ರ ಮಾದರಿ ಈ ದೇಶದ ಮನೆಮನೆಯಲ್ಲೂ ಇದೆ.

ವ್ಯಾಪಾರಿ ಸಭ್ಯ ಮನುಷ್ಯ, ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ "ತುಂಬಾ ಬಳಸಿಬಿಟ್ಟಿದ್ದಾರೆ" ಎಂಬ ಮಾತಿಗೆ ಅಜ್ಜಿಯ ಮುಖ ಬಿಗಿಯಿತು. ಚಾಕುವನ್ನು ಅವನ ಕೈಯಿಂದ ತೆಗೆದುಕೊಂಡು, ಅಲಗು ಮಡಚಿ, ಡಬ್ಬಿಗೆ ಹಾಕಿದರು. ವಾಪಸ್ ಬರುವಾಗ ಮಾವನ ವಿಷಯ ಹೇಳಿದರು. ತುರ್ಗಾವ್ ಪ್ರಾಂತ್ಯದಲ್ಲಿ ಸೇಬಿನ ತೋಟವಂತೆ. ಕಸಿ ಕಟ್ಟುವುದು, ರೆಂಬೆ ಸವರುವುದು, ಕರುವಿನ ಹಗ್ಗ ಕೊಯ್ಯುವುದು, ಮಧ್ಯಾಹ್ನ ಬ್ರೆಡ್ಡು ಚೀಸು ಕೊಯ್ಯುವುದು, ಎಲ್ಲ ಅದರಲ್ಲೇ. 1939ರಲ್ಲಿ ಯುದ್ಧ ಶುರುವಾಗಿ ಸೈನ್ಯ ಮತ್ತೆ ಕರೆದಾಗ ಅದೇ ಚಾಕು ಜೇಬಿನಲ್ಲಿಟ್ಟುಕೊಂಡು ಗಡಿ ಕಾಯಲು ಹೋಗಿದ್ದರು. ಮರಳಿ ಬಂದು ಮತ್ತೆ ಸೇಬಿನ ರೆಂಬೆ. "ಸೈನ್ಯ ಕೊಟ್ಟ ಚಾಕು. ಅದು ಸೈನ್ಯದ ಕೆಲಸ ಮಾಡಿದ್ದೇ ಕಡಿಮೆ" ಎಂದು ನಕ್ಕರು.

ನನಗೆ ಆ ಹೊತ್ತಿಗೆ ನೆನಪಾದದ್ದು ನಮ್ಮ ಮನೆಯ ಗುಜರಿ.

ನಾನು ಇಲ್ಲಿಗೆ ಬಂದ ಮರುವರ್ಷ ಅಜ್ಜ ತೀರಿಕೊಂಡರು. ಅಡಿಕೆ ಸುಲಿಯುವ ಯಂತ್ರ ಬಂದು ಆಗಲೇ ಕೆಲವು ವರ್ಷವಾಗಿತ್ತು. ರಾತ್ರಿಯಿಡೀ ಮೆಟ್ಟುಗತ್ತಿಯ ಮೇಲೆ ಸಾಲಾಗಿ ಕೂತು ಅಡಿಕೆ ಸುಲಿಯುತ್ತ ಕಥೆ ಹೇಳುವ ಹೆಂಗಸರು ಬರುವುದು ನಿಂತಿತ್ತು. ಗದ್ದೆ ಬೇರೆಯವರಿಗೆ ಹೋಗಿತ್ತು. ಕೊಟ್ಟಿಗೆಯ ಅಟ್ಟದಲ್ಲಿ ಕಬ್ಬಿಣ ಬಿದ್ದಿತ್ತು. ಹತ್ತಾರು ಮೆಟ್ಟುಗತ್ತಿ, ನೇಗಿಲ ಗುಳ, ಮೊಂಡು ಕೊಡಲಿ, ಕುಡುಗೋಲು, ಅಜ್ಜನ ಅಡಕತ್ತರಿ. ಮನೆ ರಿಪೇರಿ ಮಾಡಿಸುವಾಗ ಗುಜರಿಯವರು ಬಂದರು, ಕೆ.ಜಿ. ಲೆಕ್ಕದಲ್ಲಿ ತೂಗಿದರು, ತೆಗೆದುಕೊಂಡು ಹೋದರು. ಅಪ್ಪಯ್ಯ ಫೋನಿನಲ್ಲಿ ಸಿಮೆಂಟಿನ ದರದ ಜೊತೆ ಇದನ್ನೂ ಹೇಳಿದ್ದ.

ಈ ಎರಡು ಕಬ್ಬಿಣಗಳ ನಡುವೆ ವ್ಯತ್ಯಾಸವೇನು? ಒಂದಕ್ಕೆ ವರ್ಷದ ಲೆಕ್ಕ, ಇನ್ನೊಂದಕ್ಕೆ ಕೆ.ಜಿ. ಲೆಕ್ಕ ಏಕೆ? ವಯಸ್ಸಿನಿಂದಂತೂ ಅಲ್ಲ. ಕುಶಲತೆಯಿಂದಲೂ ಅಲ್ಲ. ಮೆಟ್ಟುಗತ್ತಿಯ ಬಾಗಿಗೂ ಅಡಿಕೆಯ ಗುಂಡಿಗೂ ಇರುವ ಹೊಂದಾಣಿಕೆ ಯಾವ ಕಾರ್ಖಾನೆಯ ನಕ್ಷೆಗೂ ಕಡಿಮೆಯಲ್ಲ. ಎಷ್ಟೋ ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಆ ಭೂತಗನ್ನಡಿ. ಸಂಗ್ರಾಹಕರು ಕೊಳ್ಳುವುದು ಚಾಕುವನ್ನು ಮಾತ್ರವಲ್ಲ, ಅದರ ಹಿಂದಿರುವ ದಾಖಲೆಯನ್ನು. 1890, 1908, 1951 ಎಂದು ಮಾದರಿಗಳ ಹೆಸರಿದೆ. ಅಲಗಿನ ಬುಡದಲ್ಲಿ ಮುದ್ರೆಯಿದೆ. ಸೈನ್ಯದ ಕಡತಗಳಲ್ಲಿ ಎಷ್ಟು, ಯಾರಿಂದ, ಯಾವಾಗ ಎಂಬ ಲೆಕ್ಕವಿದೆ. ಶ್ವೀಟ್ಸ್ ಹತ್ತಿರದ ಬ್ರುನ್ನೆನ್‌ನಲ್ಲಿ ಚಾಕುಗಳದ್ದೇ ಒಂದು ಪುಟ್ಟ ಮ್ಯೂಸಿಯಂ ಇದೆ. ನಮ್ಮ ಕುಲುಮೆಯ ಆಚಾರಿ ಕತ್ತಿಗೆ ಮುದ್ರೆ ಒತ್ತಲಿಲ್ಲ. ಒತ್ತುವ ಅಗತ್ಯವೂ ಇರಲಿಲ್ಲ. ಕತ್ತಿ ಮಾಡಿಸಿದವನಿಗೆ ಆಚಾರಿ ಗೊತ್ತು, ಆಚಾರಿಗೆ ಅವನ ಕೈಯ ಹಿಡಿತ ಗೊತ್ತು. ಆ ಇಬ್ಬರೂ ಹೋದ ಮೇಲೆ ಕತ್ತಿ ಬರೀ ಕಬ್ಬಿಣ.

ಇದನ್ನು ಅಜ್ಜಿಗೆ ನನ್ನ ಹರಕು ಜರ್ಮನ್‌ನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಜಿನ ಡ್ರಾಯರಿನಿಂದ ಮೂರು ಚೀಟಿ ತೆಗೆದರು. ಕೈ ನಡುಗುತ್ತದೆ, ನೀನೇ ಬರೆ ಎಂದರು. ಅವರು ಹೇಳಿದರು, ನಾನು ಬರೆದೆ. ಯಾರ ಚಾಕು, ಯಾವ ವರ್ಷ ಸಿಕ್ಕಿತು, ಯಾವ ಕೆಲಸಕ್ಕೆ ಬಳಸಿದರು. ಮಾವನ ಚೀಟಿ ತುಂಬಿ ಹಿಂಬದಿಗೂ ಹೋಯಿತು. ಗಂಡ ರೈಲ್ವೆಯಲ್ಲಿದ್ದವರು, ಅವರು ರಾತ್ರಿಪಾಳಿಯಲ್ಲಿ ಸಾಸೇಜು ಕೊಯ್ಯುತ್ತಿದ್ದದ್ದು ಬಂತು. ಮಗನ ಚೀಟಿಯಲ್ಲಿ ಒಂದೇ ಸಾಲು: ಬಿರಡೆ ತೆಗೆಯಲು ಬರುವುದಿಲ್ಲವೆಂದು ಬೈಯುತ್ತಿದ್ದ. ಮೂರೂ ಚೀಟಿ ಚಾಕುಗಳಿಗೆ ಸುತ್ತಿ ರಬ್ಬರ್ ಹಾಕಿ ಡಬ್ಬಿ ಮುಚ್ಚಿದೆವು. ಡಬ್ಬಿ ಮೊಮ್ಮಗನಿಗೆ. ಅವನು ಬಂದು ತೆಗೆದುಕೊಂಡು ಹೋಗುವಾಗ ಅಜ್ಜಿ ಅವನಿಂದ ಐದು ರಾಪನ್ನಿನ ಒಂದು ನಾಣ್ಯ ಇಸಿದುಕೊಂಡರು. ಚಾಕುವನ್ನು ಪುಕ್ಕಟೆ ಕೊಟ್ಟರೆ ಸಂಬಂಧ ಕಡಿದುಹೋಗುತ್ತದಂತೆ. ನಮ್ಮಲ್ಲಿಯೂ ಕತ್ತಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳವಾಗುತ್ತದೆ ಎಂದು ಕೆಳಗಿಡುತ್ತೇವೆ, ಬೇಕಾದವರು ಎತ್ತಿಕೊಳ್ಳಬೇಕು ಎಂದೆ. ಅಜ್ಜಿಗೆ ಅದು ಬಹಳ ಹಿಡಿಸಿತು.

ಆ ವಾರ ಅಪ್ಪಯ್ಯನಿಗೆ ಫೋನು ಮಾಡಿದಾಗ ಕೇಳಿದೆ, ಅಜ್ಜನ ಸಾಮಾನಿನಲ್ಲಿ ಒಂದಾದರೂ ಉಳಿದಿದೆಯಾ ಎಂದು.

"ಒಂದು ಕತ್ತಿ ಉಂಟು ಮಾರಾಯ. ಗುಜರಿಯವ ಬಂದ ದಿನ ಅದು ಮನೆಯಲ್ಲಿರಲಿಲ್ಲ, ಪಕ್ಕದ ತೋಟದವರು ತಗೊಂಡು ಹೋಗಿದ್ರು. ಇನ್ನೂ ಕೊಡ್ಲಿಲ್ಲ."

"ಕೇಳಿ ತಗೊಳ್ಳೋದಲ್ವಾ?"

"ದಿನಾ ಸೊಪ್ಪು ಕಡೀತಾರೆ ಅದ್ರಲ್ಲಿ. ಕೆಲಸ ಮಾಡ್ತಾ ಉಂಟಲ್ಲ, ಇರ್ಲಿ ಬಿಡು."

ಉಳಿದದ್ದೆಲ್ಲ ಗುಜರಿಗೆ ಹೋದದ್ದು ಬೇಜಾರು ಎಂದೆ. ಅಪ್ಪಯ್ಯ ನಕ್ಕ. "ಆ ಕತ್ತಿ ಎಲ್ಲಿಂದ ಬಂತು ಅಂತ ಮಾಡಿದ್ದೀಯ? ಲಾರಿಯ ಸ್ಪ್ರಿಂಗ್ ಪಟ್ಟೆ ಗುಜರಿಯಿಂದ ತಂದು ಆಚಾರಿ ಹತ್ರ ಹೊಡೆಸಿದ್ದು. ಅಂಥ ಉಕ್ಕು ಬೇರೆ ಕಡೆ ಸಿಗ್ತಿರ್ಲಿಲ್ಲ."

ಇದು ನನಗೆ ಗೊತ್ತಿರಲಿಲ್ಲ. ವರ್ಷ ಕೇಳಿದೆ. ಇಸವಿ ನೆನಪಿಲ್ಲ, ಸಣ್ಣತ್ತೆಯ ಮದುವೆಯ ಹಿಂದಿನ ಮಳೆಗಾಲ ಎಂದ. ಆಚಾರಿಯ ಹೆಸರು ಕೇಳಿದೆ, ಕುಲುಮೆ ಎಲ್ಲಿತ್ತು ಕೇಳಿದೆ, ಎಡಗೈಯವರಾದ ಅಜ್ಜನಿಗೆಂದು ಹಿಡಿಯನ್ನು ಸ್ವಲ್ಪ ಓರೆ ಕೂರಿಸಿದ್ದನ್ನು ಅಪ್ಪಯ್ಯ ತಾನಾಗಿ ಹೇಳಿದ. ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಕತ್ತಿ ಈಗ ಎಲ್ಲಿದೆ ಎಂಬಲ್ಲಿ 'ಪಕ್ಕದ ತೋಟ, ಬಳಕೆಯಲ್ಲಿದೆ' ಎಂದು ಬರೆದೆ.